ನಗರದ ಅಂಚಿನಲ್ಲಿ ಮನೆ ಮಾಡುವ ಮುನ್ನ

ಮುಂಬಯಿಯಲ್ಲಿ ದುಡಿಯುವ ನಮ್ಮ ಬಂಧುಗಳಲ್ಲಿ, ನಗರದೊಳಗಿನ ಖೋಲಿಯನ್ನು ಬಿಟ್ಟು ಹೊರಗಡೆ ಎಲ್ಲಿಯಾದರೂ ಶಾಂತವಾದ ಜಾಗದಲ್ಲಿ ಮನೆ ಮಾಡಬೇಕೆಂದು ಒಮ್ಮೆಯೂ ಯೋಚಿಸದವರು ವಿರಳ. ಆರೆಂಟು ಜನರೊಡನೆ ಒಂದೇ ಖೋಲಿಯಲ್ಲಿ ದಿನ ಕಳೆದವನು ಮದುವೆಯಾಗಿ ಹೆಂಡತಿಯನ್ನು ಕರೆತರಬೇಕೆನ್ನುವಾಗ, ಊರಿನಲ್ಲಿ ಒಂಟಿಯಾದ ತಾಯಿಯನ್ನು ಕರೆಸಿಕೊಳ್ಳಬೇಕೆನ್ನುವಾಗ, ಮಕ್ಕಳು ಬೆಳೆದು ಓದಲು ಒಂದು ಮೂಲೆ ಬೇಕೆನ್ನುವಾಗ ಈ ವಿಚಾರ ಎದುರು ಬಂದು ನಿಲ್ಲುತ್ತದೆ. "ಬದ್ಲಾಪುರದಲ್ಲಿ ಗಾಳಿ ಬೆಳಕು ಚೆನ್ನಾಗಿದೆಯಂತೆ," "ಇದೇ ಬಾಡಿಗೆಗೆ ಅಲ್ಲಿ ಎರಡು ಕೋಣೆ ಸಿಗುತ್ತವಂತೆ" ಎಂಬ ಮಾತು ನಮ್ಮ ವಾಚನಾಲಯದ ಮೇಜಿನ ಸುತ್ತಲೂ ಆಗಾಗ ಕೇಳಿಬರುವುದುಂಟು.

ದೂರದ ಬೆಟ್ಟ ನುಣ್ಣಗೆ ಎಂದು ಹೇಳಿ ಯಾರ ಉತ್ಸಾಹವನ್ನೂ ಕುಗ್ಗಿಸುವುದು ನಮ್ಮ ಉದ್ದೇಶವಲ್ಲ. ಹೊರಗೆ ಮನೆ ಮಾಡಿ ಸುಖವಾಗಿರುವ ಕುಟುಂಬಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ಶಾಂತಿಯೊಂದನ್ನೇ ನೋಡಿ ಮನೆ ಹಿಡಿದವರು ಹತ್ತು ವರ್ಷಗಳಲ್ಲಿ ಪೇಚಾಡುವುದನ್ನೂ ನಾವು ಕಂಡಿದ್ದೇವೆ. ಅದಕ್ಕೆ ಕಾರಣವಿಷ್ಟೆ: ನಗರದ ಅಂಚು ಒಂದೇ ಕಡೆ ನಿಲ್ಲುವುದಿಲ್ಲ. ಅದು ಮುಂದೆ ಸರಿದಂತೆ ಶಾಂತಿಯೂ ಅದರ ಜೊತೆಗೆ ಸರಿದುಹೋಗುತ್ತದೆ. ಹಾಗೆ ಶಾಂತಿ ಹೋದ ಮೇಲೂ ಮನೆಯವರಿಗೆ ಉಳಿಯುವ ಸಂಗತಿಗಳು ನಾಲ್ಕು: ದಾರಿಯ ಹೊತ್ತು, ನೀರು, ಕಾಗದಪತ್ರ ಮತ್ತು ನೆರೆಹೊರೆ. ಮನೆ ನೋಡಲು ಹೋಗುವವರು ಈ ನಾಲ್ಕನ್ನು ಮೊದಲು ನೋಡಿಕೊಳ್ಳಬೇಕೆಂಬುದು ನಮ್ಮ ಸೂಚನೆ.

ಸರಿಯುತ್ತ ಹೋದ ಅಂಚು

ಇಂದು ಮಾಟುಂಗಾದ ಮಾರುಕಟ್ಟೆಯಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಡೆಯುವವರಿಗೆ, ಅದೂ ಒಮ್ಮೆ ನಗರದ ಅಂಚಿನ ಶಾಂತವಾದ ಬಡಾವಣೆಯಾಗಿತ್ತು ಎಂದರೆ ನಂಬುವುದು ಕಷ್ಟ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಕೇರಿಗಳಲ್ಲಿ ಜನ ಸತ್ತುದನ್ನು ಕಂಡು ಸರಕಾರವು 1898ರಲ್ಲಿ ನಗರ ಸುಧಾರಣಾ ಟ್ರಸ್ಟನ್ನು ಸ್ಥಾಪಿಸಿತು. ದಾದರ, ಮಾಟುಂಗಾ, ವಡಾಳಾಗಳ ಕಡೆಯ ಬಯಲುಗಳಲ್ಲಿ ಅಗಲವಾದ ರಸ್ತೆ, ಸಾಲು ಮರ, ಆಟದ ಮೈದಾನಗಳಿರುವ ಬಡಾವಣೆಗಳನ್ನು ಆ ಟ್ರಸ್ಟು ಯೋಜಿಸಿತು. ದಕ್ಷಿಣದಿಂದ ಬಂದ ಗುಮಾಸ್ತರೂ ಹೋಟೆಲಿನವರೂ ಅಲ್ಲಿ ನೆಲೆಸಿದರು. ಮೈಸೂರು ಅಸೋಸಿಯೇಷನ್ನಿನಂಥ ಹಳೆಯ ಕನ್ನಡ ಸಂಸ್ಥೆಯೂ ಮಾಟುಂಗಾದಲ್ಲಿಯೇ ನೆಲೆಯೂರಿತು.

ಆ ಬಡಾವಣೆಗಳು ತುಂಬಿದ ಮೇಲೆ ಅಂಚು ಇನ್ನೂ ಆಚೆಗೆ ಸರಿಯಿತು. ಬೃಹನ್ಮುಂಬಯಿಯ ಎಲ್ಲೆಯನ್ನು 1950ರಲ್ಲಿ ಜೋಗೇಶ್ವರಿ, ಭಾಂಡುಪಗಳವರೆಗೂ, 1957ರಲ್ಲಿ ದಹಿಸರ, ಮುಲುಂಡಗಳವರೆಗೂ ವಿಸ್ತರಿಸಲಾಯಿತು. ತರುವಾಯ ಸಂಬಳದ ಮೇಲೆ ಬದುಕುವ ಮಧ್ಯಮ ವರ್ಗದವರು ಠಾಣೆಯನ್ನು ದಾಟಿ ಡೊಂಬಿವಲಿಗೆ ಹೋದರು. ಡೊಂಬಿವಲಿ ತುಂಬಿದಾಗ ಅಂಬರನಾಥಕ್ಕೂ ಬದ್ಲಾಪುರಕ್ಕೂ ಹೋದರು. ಪಶ್ಚಿಮದ ದಾರಿಯಲ್ಲಿ ನಾಲಾಸೋಪಾರಾ, ವಿರಾರಗಳ ಕಥೆಯೂ ಇದೇ. ಬದ್ಲಾಪುರದ ನಗರಸಭೆಯ ಎಲ್ಲೆಯಲ್ಲಿ 2001ರ ಜನಗಣತಿಯಂತೆ ಒಂದು ಲಕ್ಷಕ್ಕೆ ತುಸು ಕಡಿಮೆ ಜನರಿದ್ದರು. 2011ರ ವೇಳೆಗೆ ಅದು ಒಂದು ಮುಕ್ಕಾಲು ಲಕ್ಷದ ಹತ್ತಿರಕ್ಕೆ ಬಂತು. ಹತ್ತೇ ವರ್ಷಗಳಲ್ಲಿ ನೂರಕ್ಕೆ ಎಪ್ಪತ್ತೈದಕ್ಕೂ ಮೀರಿ ಹೆಚ್ಚಿದಂತಾಯಿತು. ಆಮೇಲಿನ ಬೆಳವಣಿಗೆಯನ್ನು ಬೆಳಗಿನ ಗಾಡಿಗೆ ನಿಲ್ಲುವವರು ಕಣ್ಣಾರೆ ಕಾಣುತ್ತಿದ್ದಾರೆ.

ಆದುದರಿಂದ "ಇಲ್ಲಿ ಎಷ್ಟು ಶಾಂತವಾಗಿದೆ ನೋಡಿ" ಎಂದು ದಲಾಲಿಯು ಎದುರಿನ ಭತ್ತದ ಗದ್ದೆಯನ್ನು ತೋರಿಸಿದಾಗ, ಆ ಗದ್ದೆಯೂ ಒಂದು ದಿನ ಕಟ್ಟಡವಾಗುವ ಜಾಗವೆಂಬುದನ್ನು ಮರೆಯಬಾರದು. ಅದು ಕಟ್ಟಡವಾದ ಮೇಲೆ ಈ ಮನೆ ಹೇಗಿದ್ದೀತು ಎಂದು ಈಗಲೇ ಯೋಚಿಸುವುದು ಜಾಣತನ.

ದಾರಿಯ ಹೊತ್ತು

ಅಂಚಿನ ಊರುಗಳು ಬದುಕಿರುವುದೇ ರೈಲಿನ ಮೇಲೆ. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ಹೊರಟ ರೈಲು ಮರುವರ್ಷ ಕಲ್ಯಾಣಕ್ಕೂ, 1856ರಲ್ಲಿ ಬದ್ಲಾಪುರದ ಮೇಲಿಂದ ಘಟ್ಟದ ಬುಡದ ಖೋಪೋಲಿಗೂ ಮುಟ್ಟಿತು. 1925ರಲ್ಲಿ ವಿದ್ಯುತ್ ಗಾಡಿ ಬಂದ ಮೇಲೆ ದೂರದಲ್ಲಿ ವಾಸಿಸಿ ನಗರದಲ್ಲಿ ದುಡಿಯುವ ಪದ್ಧತಿ ಬಲವಾಗುತ್ತ ಹೋಯಿತು. ಇಂದು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದ ಬದ್ಲಾಪುರಕ್ಕೆ ಸುಮಾರು 68 ಕಿಲೋಮೀಟರು. ಫಾಸ್ಟ್ ಲೋಕಲಿನಲ್ಲಿ ಹೆಚ್ಚುಕಡಿಮೆ ಒಂದೂವರೆ ಗಂಟೆಯ ಪಯಣ. ತಿಂಗಳ ಪಾಸಿನ ದರ ಹಗುರವಾಗಿರುವುದರಿಂದ ಈ ದೂರ ಜೇಬಿಗೆ ಭಾರವಾಗುವುದಿಲ್ಲ. ಅದರ ಭಾರ ಬೀಳುವುದು ದಿನದ ಹೊತ್ತಿನ ಮೇಲೆ.

ಒಂದು ಲೆಕ್ಕ ಮಾಡಿ ನೋಡೋಣ. ಮನೆಯಿಂದ ಸ್ಟೇಷನ್ನಿಗೆ ಹದಿನೈದು ನಿಮಿಷ, ಗಾಡಿಯಲ್ಲಿ ಒಂದೂವರೆ ಗಂಟೆ, ಇಳಿದು ಕಚೇರಿಗೆ ಹದಿನೈದು ನಿಮಿಷ, ಒಟ್ಟು ಎರಡು ಗಂಟೆ. ಹೋಗಿಬರಲು ನಾಲ್ಕು ಗಂಟೆ. ತಿಂಗಳಿಗೆ 25 ದಿನ ಕೆಲಸವೆಂದರೆ 100 ಗಂಟೆ. ವರ್ಷಕ್ಕೆ 1,200 ಗಂಟೆ, ಅಂದರೆ ಹಗಲೂ ರಾತ್ರಿಯೂ ಸೇರಿದ ಪೂರ್ತಿ 50 ದಿನ. ಕುರ್ಲಾದ ಕಡೆಯ ಖೋಲಿಯಿಂದ ಹೋಗಿಬರಲು ಇದರ ಅರ್ಧ ಹೊತ್ತು ಸಾಕು ಎಂದಿಟ್ಟುಕೊಳ್ಳಿ. ಹಾಗಾದರೆ ಅಂಚಿಗೆ ಹೋದವರು ತಿಂಗಳಿಗೆ 50 ಗಂಟೆ ಹೆಚ್ಚಾಗಿ ಕೊಡುತ್ತಾರೆ. ಬಾಡಿಗೆಯಲ್ಲಿ 5,000 ರೂಪಾಯಿ ಉಳಿತಾಯವಾಗಿ, ಅದರಲ್ಲಿ 1,000 ರೂಪಾಯಿ ಸ್ಟೇಷನ್ನಿನ ರಿಕ್ಷಾಕ್ಕೆ ಹೋದರೆ ಉಳಿಯುವುದು 4,000. ಅದನ್ನು 50 ಗಂಟೆಗೆ ಹಂಚಿದರೆ ಗಂಟೆಗೆ 80 ರೂಪಾಯಿ. ಮಕ್ಕಳೊಡನೆ ಕೂರುವ, ರಾತ್ರಿ ಕಾಲೇಜಿಗೆ ಹೋಗುವ, ಅಥವಾ ಸುಮ್ಮನೆ ನಿದ್ದೆ ಮಾಡುವ ಒಂದು ಗಂಟೆಯನ್ನು ನಾವು 80 ರೂಪಾಯಿಗೆ ಮಾರಿದಂತಾಯಿತು. ಕೆಲವರಿಗೆ ಈ ವ್ಯಾಪಾರ ಲಾಭದ್ದೇ ಆಗಬಹುದು, ಕೆಲವರಿಗೆ ನಷ್ಟದ್ದಾಗಬಹುದು. ಅಂಕೆಗಳು ಒಬ್ಬೊಬ್ಬರಿಗೆ ಒಂದೊಂದು ಬಗೆ. ಆದರೆ ಲೆಕ್ಕ ಹಾಕದೆ ಮುಂದುವರಿಯುವುದು ಯಾರಿಗೂ ತರವಲ್ಲ.

ಹೊತ್ತಿನ ಜೊತೆಗೆ ಜೀವದ ಮಾತೂ ಇದೆ. 2025ರ ಜೂನ್ 9ರ ಬೆಳಗ್ಗೆ ಮುಂಬ್ರಾದ ಹತ್ತಿರ ತುಂಬಿದ ಲೋಕಲಿನ ಬಾಗಿಲಲ್ಲಿ ನಿಂತಿದ್ದ ಪ್ರಯಾಣಿಕರು ಹಳಿಯ ಮೇಲೆ ಬಿದ್ದು ಪ್ರಾಣ ಕಳೆದುಕೊಂಡ ಸುದ್ದಿಯನ್ನು ವಾಚಕರು ಮರೆತಿರಲಾರರು. ಅಂಥ ಗಾಡಿಗಳಲ್ಲಿ ಬರುವವರು ಬಹುಮಟ್ಟಿಗೆ ಅಂಚಿನ ಊರುಗಳಿಂದ ದುಡಿಮೆಗೆ ಹೊರಟವರು. ಆದುದರಿಂದ ಮನೆ ಹಿಡಿಯುವ ಮುನ್ನ ಆ ಸ್ಟೇಷನ್ನಿನಿಂದಲೇ ಹೊರಡುವ ಗಾಡಿಗಳು ನಿಮ್ಮ ಕೆಲಸದ ಹೊತ್ತಿಗೆ ಎಷ್ಟಿವೆ ಎಂದು ನೋಡಿಕೊಳ್ಳಿರಿ. ಹೊರಡುವ ಗಾಡಿಯಲ್ಲಿ ಕೂರಲು ಜಾಗ ಸಿಕ್ಕೀತು. ಮೊದಲೇ ತುಂಬಿ ಬರುವ ಗಾಡಿಯಲ್ಲಿ ಕಾಲಿಡಲೂ ಸಿಗದು. ಎರಡನೇ ಪಾಳಿಯ ಕಾರ್ಮಿಕರೂ ಹೋಟೆಲಿನ ಕೆಲಸದವರೂ ರಾತ್ರಿಯ ಕೊನೆಯ ಗಾಡಿಯ ಹೊತ್ತನ್ನೂ, ಅಷ್ಟು ಹೊತ್ತಿನಲ್ಲಿ ಸ್ಟೇಷನ್ನಿನಿಂದ ಮನೆಗೆ ರಿಕ್ಷಾ ಸಿಗುವುದೋ ಇಲ್ಲವೋ ಎಂಬುದನ್ನೂ ವಿಚಾರಿಸಬೇಕು.

ನೀರು: ಸಾಲದ್ದೂ ಮಿಕ್ಕಿದ್ದೂ

ಬದ್ಲಾಪುರದ ಸಮೀಪದಲ್ಲಿಯೇ ಬಾರವಿ ಅಣೆಕಟ್ಟು ಇದೆ. ಮಹಾರಾಷ್ಟ್ರದ ಔದ್ಯೋಗಿಕ ಅಭಿವೃದ್ಧಿ ನಿಗಮವು ಕಟ್ಟಿಸಿದ ಈ ಅಣೆಕಟ್ಟಿನ ನೀರು ಕಾರಖಾನೆಗಳಿಗೂ ಸುತ್ತಲಿನ ಅನೇಕ ನಗರಗಳಿಗೂ ಹೋಗುತ್ತದೆ. ಬದ್ಲಾಪುರದ ನಲ್ಲಿಗಳಿಗಾದರೋ ಉಲ್ಹಾಸ ನದಿಯ ನೀರೇ ಮುಖ್ಯ ಆಧಾರ. ಇದನ್ನು ಹೇಳಿದ ಕಾರಣವೇನೆಂದರೆ, ಕಿಟಕಿಯಿಂದ ಅಣೆಕಟ್ಟಿನ ಗುಡ್ಡ ಕಂಡ ಮಾತ್ರಕ್ಕೆ ಅಡಿಗೆಮನೆಯ ನಲ್ಲಿಯಲ್ಲಿ ನೀರು ಬರುವುದಿಲ್ಲ. ಊರು ಬೆಳೆದಷ್ಟು ಬೇಗ ನೀರಿನ ಕೊಳವೆಗಳು ಬೆಳೆಯುವುದಿಲ್ಲ. ಇದು ಎಲ್ಲ ಅಂಚಿನ ಊರುಗಳ ಪಾಡು.

ಮನೆ ನೋಡುವಾಗ "ನೀರಿದೆಯೇ" ಎಂದು ಕೇಳಿದರೆ "ಇದೆ" ಎಂಬ ಉತ್ತರ ಸಿಗುವುದು ಖಂಡಿತ. ಕೇಳಬೇಕಾದ ಪ್ರಶ್ನೆಗಳು ಬೇರೆ. ನೀರು ಯಾವ ಹೊತ್ತಿಗೆ ಬರುತ್ತದೆ? ಎಷ್ಟು ಹೊತ್ತು ಬರುತ್ತದೆ? ವಾರದಲ್ಲಿ ಯಾವ ದಿನ ಬಂದ್? ಬರುವುದು ನಗರಸಭೆಯ ನೀರೋ, ಬೋರ್‌ವೆಲ್ಲಿನದೋ, ಟ್ಯಾಂಕರಿನದೋ? ಟ್ಯಾಂಕರಿನದಾದರೆ ಬೇಸಿಗೆಯಲ್ಲಿ ತಿಂಗಳಿಗೆ ಮನೆಯೊಂದಕ್ಕೆ ಬೀಳುವ ಖರ್ಚೆಷ್ಟು? ಇವನ್ನು ಮನೆಯ ಒಡೆಯನಿಗಿಂತ ಅದೇ ಮಹಡಿಯ ಹೆಂಗಸರನ್ನು ಕೇಳಿದರೆ ನಿಜ ತಿಳಿಯುತ್ತದೆ. ಮಧ್ಯಾಹ್ನ ಮೂರು ಗಂಟೆಗೆ ನೀರು ಬರುವ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಕೊಡ ತುಂಬುವವರಾರು?

ಇನ್ನು ಮಿಕ್ಕಿದ ನೀರಿನ ಮಾತು. ಉಲ್ಹಾಸ ನದಿಯು ಸಹ್ಯಾದ್ರಿಯಲ್ಲಿ ಹುಟ್ಟಿ ಕರ್ಜತ, ಬದ್ಲಾಪುರ, ಕಲ್ಯಾಣಗಳ ಮೂಲಕ ಖಾಡಿಯನ್ನು ಸೇರುತ್ತದೆ. ಘಟ್ಟದಲ್ಲಿ ಮಳೆ ಜೋರಾಗಿ, ಅದೇ ಹೊತ್ತಿಗೆ ಕಡಲಲ್ಲಿ ಭರತವಿದ್ದರೆ ಹೊಳೆಯ ನೀರು ಮುಂದಕ್ಕೆ ಹೋಗಲಾರದೆ ದಂಡೆಯ ತಗ್ಗುಗಳಿಗೆ ನುಗ್ಗುತ್ತದೆ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜದಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಬಿದ್ದಾಗ ಈ ದಂಡೆಯ ಊರುಗಳೂ ಮುಳುಗಿದುವು. 2019ರ ಜುಲೈ 27ರಂದು ಕೊಲ್ಹಾಪುರಕ್ಕೆ ಹೊರಟ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದ್ಲಾಪುರ ಮತ್ತು ವಾಂಗಣಿಗಳ ನಡುವೆ ನೀರಿನಲ್ಲಿ ಸಿಕ್ಕಿಕೊಂಡಿತು. ಸುಮಾರು ಸಾವಿರ ಪ್ರಯಾಣಿಕರನ್ನು ದೋಣಿಗಳಲ್ಲಿ ಪಾರು ಮಾಡಬೇಕಾಯಿತು.

ಹೊಳೆಯ ಬದಿಯಲ್ಲಿ ಸರಕಾರದ ನೀರಾವರಿ ಖಾತೆಯವರು ಎರಡು ರೇಖೆಗಳನ್ನು ಗುರುತಿಸುವುದುಂಟು. ಇಪ್ಪತ್ತೈದು ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹದ ಮಟ್ಟ ನೀಲಿ ರೇಖೆ. ನೂರು ವರ್ಷಕ್ಕೊಮ್ಮೆ ಬರಬಹುದಾದುದು ಕೆಂಪು ರೇಖೆ. ಹೊಳೆ ಕಾಣುವ ಮನೆ ಬೇಕೆನ್ನುವವರು ಕಟ್ಟಡವು ಯಾವ ರೇಖೆಯ ಒಳಗಿದೆ ಎಂದು ನಗರಸಭೆಯಲ್ಲಿ ವಿಚಾರಿಸಲಿ. ಜೊತೆಗೆ 2005ರಲ್ಲಿಯೂ 2019ರಲ್ಲಿಯೂ ನೀರು ಎಲ್ಲಿಯವರೆಗೆ ಬಂದಿತ್ತೆಂದು ಹಳೆಯ ಅಂಗಡಿಯವರನ್ನು ಕೇಳಲಿ. ಅವರು ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ.

ಕಾಗದಪತ್ರ

ಬಾಡಿಗೆಗೆ ಹೋಗುವವರ ವಿಷಯವನ್ನು ಮೊದಲು ಹೇಳುತ್ತೇವೆ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೆಯ ಕಲಮಿನಂತೆ ಬಾಡಿಗೆಯ ಕರಾರು ಬರವಣಿಗೆಯಲ್ಲಿರಬೇಕು ಮತ್ತು ನೋಂದಣಿಯಾಗಿರಬೇಕು. ನೋಂದಣಿ ಮಾಡಿಸುವ ಹೊಣೆ ಮನೆಯ ಒಡೆಯನದು. ನೋಂದಣಿಯಿಲ್ಲದೆ ಮುಂದೆ ತಕರಾರು ಬಂದರೆ, ಷರತ್ತುಗಳ ಬಗ್ಗೆ ಬಾಡಿಗೆದಾರನು ಹೇಳುವ ಮಾತೇ ನಿಜವೆಂದು ಮೊದಲು ಹಿಡಿಯಬೇಕು; ಅದು ಸುಳ್ಳೆಂದು ತೋರಿಸುವ ಭಾರ ಒಡೆಯನ ಮೇಲಿರುತ್ತದೆ. "ಹನ್ನೊಂದು ತಿಂಗಳಿಗೆ ನೋಂದಣಿ ಯಾತಕ್ಕೆ, ಸ್ಟಾಂಪ್ ಕಾಗದ ಸಾಕು" ಎನ್ನುವವರ ಮಾತಿಗೆ ಒಪ್ಪಬೇಡಿರಿ. ಡಿಪಾಸಿಟ್ಟಿನ ಹಣವನ್ನು ಬ್ಯಾಂಕಿನ ಮೂಲಕವೇ ಕೊಟ್ಟು, ಅದರ ಮೊತ್ತವನ್ನು ಕರಾರಿನಲ್ಲಿ ಬರೆಯಿಸಿರಿ.

ಕೊಳ್ಳುವವರು ಇನ್ನೂ ಹೆಚ್ಚು ಎಚ್ಚರವಾಗಿರಬೇಕು. ನಮ್ಮ ಊರಿನಲ್ಲಿ ಹೊಲಕ್ಕೆ ಪಹಣಿ ಇರುವಂತೆ ಇಲ್ಲಿ ಸಾತ್-ಬಾರಾ ಉತಾರಾ ಇರುತ್ತದೆ. ನೆಲ ಯಾರ ಹೆಸರಿನಲ್ಲಿದೆ, ಅದರ ಮೇಲೆ ಸಾಲವಿದೆಯೇ ಎಂಬುದು ಅದರಿಂದ ತಿಳಿಯುತ್ತದೆ. ಎರಡನೆಯದು, ನಗರಸಭೆ ಅಥವಾ ಮಹಾನಗರಪಾಲಿಕೆಯು ಕೊಟ್ಟ ಕಟ್ಟಡದ ಪರವಾನಗಿ. ಮೂರನೆಯದು, ಕಟ್ಟಡ ಮುಗಿದ ಮೇಲೆ ಜನ ವಾಸಿಸಬಹುದೆಂದು ಕೊಡುವ ಓ.ಸಿ. ಎಂಬ ಪ್ರಮಾಣಪತ್ರ. ನಾಲ್ಕನೆಯದು ಮಹಾರೇರಾ ನೋಂದಣಿ. 2016ರ ಕಾಯಿದೆಯಂತೆ ಸ್ಥಾಪಿತವಾದ ಈ ಪ್ರಾಧಿಕಾರದಲ್ಲಿ ಹೊಸ ಕಟ್ಟಡಗಳ ಯೋಜನೆಗಳು ದಾಖಲಾಗಬೇಕು. 500 ಚದರ ಮೀಟರಿಗೆ ಮೀರದ ನೆಲದ ಮೇಲಿನ, ಇಲ್ಲವೆ ಎಂಟು ಬ್ಲಾಕುಗಳಿಗೆ ಮೀರದ ಕಟ್ಟಡಕ್ಕೆ ಮಾತ್ರ ಇದು ಕಡ್ಡಾಯವಲ್ಲ. ನೋಂದಾಯಿತ ಕರಾರು ಆಗುವ ಮುನ್ನ ಬೆಲೆಯ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಹಣವನ್ನು ಬಿಲ್ಡರನು ತೆಗೆದುಕೊಳ್ಳಕೂಡದೆಂದು ಅದೇ ಕಾಯಿದೆ ಹೇಳುತ್ತದೆ.

ಆದರೆ ಒಂದು ಕಾಗದವಿದೆಯೆಂದು ಇನ್ನೊಂದನ್ನು ಬಿಡಬಾರದು. ಡೊಂಬಿವಲಿಯಲ್ಲಿ ಪಾಲಿಕೆಯ ಪರವಾನಗಿಯನ್ನೇ ಖೋಟಾ ಮಾಡಿ, ಅದರ ಬಲದಿಂದ ರೇರಾ ನೋಂದಣಿ ಪಡೆದು ಕಟ್ಟಿದ 65 ಕಟ್ಟಡಗಳನ್ನು ಕೆಡವಬೇಕೆಂದು ಮುಂಬಯಿ ಉಚ್ಚ ನ್ಯಾಯಾಲಯವು 2024ರ ನವೆಂಬರಿನಲ್ಲಿ ಆಜ್ಞೆ ಮಾಡಿತು. ಅಲ್ಲಿ ಸಾಲ ಮಾಡಿ ಬ್ಲಾಕು ಕೊಂಡ ಸಾವಿರಾರು ಕುಟುಂಬಗಳು ನೋಂದಣಿಯ ನಂಬರನ್ನು ನೋಡಿಯೇ ಕೊಂಡಿದ್ದುವು. ಪರವಾನಗಿಯ ನಂಬರನ್ನು ಬರೆದುಕೊಂಡು ಪಾಲಿಕೆಯ ನಗರರಚನಾ ವಿಭಾಗಕ್ಕೆ ಸ್ವತಃ ಹೋಗಿ, ಅದು ಅವರ ದಫ್ತರದಲ್ಲಿ ಇದೆಯೇ ಎಂದು ಕೇಳುವುದೊಂದೇ ಇದಕ್ಕೆ ಮದ್ದು. ಅದಕ್ಕೆ ಅರ್ಧ ದಿನದ ರಜೆ ಹೋಗುತ್ತದೆ, ಹೋಗಲಿ. 2013ರ ಏಪ್ರಿಲ್ 4ರಂದು ಶೀಳ್ ಫಾಟಾದಲ್ಲಿ ಪರವಾನಗಿಯಿಲ್ಲದೆ ಏಳುತ್ತಿದ್ದ ಕಟ್ಟಡ ಕುಸಿದು 74 ಜನ ಸತ್ತರು. ಮೇಲೆ ಕಟ್ಟುತ್ತಿರುವಾಗಲೇ ಕೆಳಗೆ ಜನ ಸಂಸಾರ ಹೂಡಿದ್ದರು. ಅಗ್ಗವೆಂಬ ಒಂದೇ ಕಾರಣಕ್ಕೆ ಅಂಥ ಕಟ್ಟಡವನ್ನು ಹೊಕ್ಕರೆ ಆಗುವ ಹಾನಿ ಹಣದಲ್ಲಿ ಮುಗಿಯುವುದಿಲ್ಲ.

ಶಾಂತಿಯಲ್ಲಿ ಇರುವವರಾರು?

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರುತ್ತೇವೆ. ಬೆಳಗ್ಗೆ ಆರಕ್ಕೆ ಹೊರಟು ರಾತ್ರಿ ಒಂಬತ್ತಕ್ಕೆ ಮರಳುವವನು ಅಂಚಿನ ಮನೆಯಲ್ಲಿ ಮಲಗುತ್ತಾನೆ, ಅಷ್ಟೆ. ಅಲ್ಲಿ ದಿನವಿಡೀ ಬದುಕುವವರು ಮನೆಯ ಹೆಂಗಸರು, ವೃದ್ಧರು, ಮಕ್ಕಳು. ಅವನಿಗೆ ಭಾನುವಾರ ಮಾತ್ರ ಕಾಣುವ ಆ ಶಾಂತಿ ಅವರಿಗೆ ವಾರದ ಏಳು ದಿನದ್ದು. ಮಾತಿಗೆ ಜನವಿಲ್ಲದಿದ್ದರೆ ಅದೇ ಶಾಂತಿ ಒಂಟಿತನವಾಗುತ್ತದೆ. ಹುಬ್ಬಳ್ಳಿಯ ಕಡೆಯಿಂದಲೋ ಕುಂದಾಪುರದ ಕಡೆಯಿಂದಲೋ ಬಂದ ತಾಯಿಗೆ ಮರಾಠಿ ಬಾರದು, ಹಿಂದಿ ಬಾರದು. ಹಳೆಯ ಚಾಳಿನಲ್ಲಾದರೆ ಪಡಸಾಲೆಯಲ್ಲಿ ಕೂತರೆ ಹತ್ತು ಮುಖ ಕಾಣುತ್ತಿದ್ದುವು. ಇಲ್ಲಿ ಬಾಗಿಲು ಮುಚ್ಚಿದರೆ ಗೋಡೆಯೇ ಗತಿ.

ಅದಕ್ಕಾಗಿ ಮನೆ ಗೊತ್ತುಮಾಡುವ ಮುನ್ನ ಅಲ್ಲಿ ಉಳಿಯುವವರನ್ನು ಕರೆದುಕೊಂಡು ಹೋಗಿ ತೋರಿಸಬೇಕು. ಅವರ ಅಭಿಪ್ರಾಯಕ್ಕೆ ಹೆಚ್ಚು ಬೆಲೆ ಕೊಡಬೇಕು. ನಡೆದು ಹೋಗುವಷ್ಟು ದೂರದಲ್ಲಿ ದವಾಖಾನೆ ಉಂಟೋ, ರಾತ್ರಿ ಹೆರಿಗೆಯ ನೋವು ಬಂದರೆ ಎಲ್ಲಿಗೆ ಹೋಗಬೇಕು, ಸಂಜೆ ಏಳರ ಮೇಲೆ ಹೆಂಗಸರು ರಸ್ತೆಯಲ್ಲಿ ನಡೆಯುವಷ್ಟು ದೀಪಗಳಿವೆಯೇ, ಇವನ್ನು ಅವರ ಕಣ್ಣಿನಿಂದ ನೋಡಬೇಕು. ಕಾರಖಾನೆಗಳ ವಸಾಹತು ಯಾವ ದಿಕ್ಕಿಗಿದೆ ಎಂಬುದೂ ಮುಖ್ಯ. ಡೊಂಬಿವಲಿಯ ಔದ್ಯೋಗಿಕ ವಸಾಹತಿನಲ್ಲಿ 2016ರಲ್ಲಿಯೂ 2024ರಲ್ಲಿಯೂ ಆದ ಸ್ಫೋಟಗಳಲ್ಲಿ ಜೀವಹಾನಿಯಾಯಿತು. ಸುತ್ತಲಿನ ಮನೆಗಳ ಕಿಟಕಿಗಳೂ ಒಡೆದುವು. ಮಕ್ಕಳ ಶಾಲೆಯ ವಿಚಾರವೂ ಹಾಗೆಯೇ. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಗಳು ಆ ಪಾಲಿಕೆಯ ಎಲ್ಲೆಯೊಳಗಿನವು. ಮುಲುಂಡ, ದಹಿಸರಗಳನ್ನು ದಾಟಿದರೆ ಅವುಗಳ ಅನುಕೂಲ ಇಲ್ಲ. ಅಂಚಿಗೆ ಹೋದ ಮೇಲೆ ಮಕ್ಕಳಿಗೆ ಅಕ್ಷರ ಕಲಿಸುವ ಹೊಣೆ ಮನೆಯವರದೇ ಆಗುತ್ತದೆ.

ನೆರೆಹೊರೆ ಮಾತ್ರ ನಾವೇ ಬೆಳೆಸಿಕೊಳ್ಳಬಹುದಾದ ಸಂಗತಿ. ಹೊಸ ಕಟ್ಟಡದಲ್ಲಿ ಎಲ್ಲರೂ ಹೊಸಬರೇ. ಮೊದಲು ಬಾಗಿಲು ತಟ್ಟಿ ಪರಿಚಯ ಹೇಳಿಕೊಂಡವರಿಗೆ ನಷ್ಟವಿಲ್ಲ. ಸಹಕಾರಿ ಸೊಸೈಟಿಯ ಸಭೆಗಳಿಗೆ ತಪ್ಪದೆ ಹೋಗಬೇಕು. ಸೊಸೈಟಿ ನೋಂದಣಿಯಾದ ನಾಲ್ಕು ತಿಂಗಳೊಳಗೆ ಬಿಲ್ಡರನು ನೆಲ ಮತ್ತು ಕಟ್ಟಡವನ್ನು ಸೊಸೈಟಿಯ ಹೆಸರಿಗೆ ಮಾಡಿಕೊಡಬೇಕೆಂಬುದು 1963ರ ಕಾಯಿದೆಯ ಪದ್ಧತಿ. ಅವನು ಕೊಡದಿದ್ದರೆ ಅಧಿಕಾರಿಯ ಮೂಲಕ ಪಡೆಯುವ ದಾರಿಯೂ ಈಗ ಇದೆ. ಇಂಥ ಕೆಲಸ ಒಬ್ಬನಿಂದ ಆಗುವುದಲ್ಲ. ನೀರಿನ ಅರ್ಜಿಗೂ ಬೀದಿಯ ದೀಪಕ್ಕೂ ಹತ್ತು ಸಹಿ ಬೇಕು. ಕನ್ನಡದ ನಾಲ್ಕಾರು ಮನೆಗಳು ಒಂದೇ ಕಡೆ ಸಿಕ್ಕಿದರೆ ವಾರಕ್ಕೊಮ್ಮೆ ಸೇರುವ ಏರ್ಪಾಡು ಮಾಡಿಕೊಳ್ಳಲಿ. ಓದಿ ಮುಗಿದ ಪತ್ರಿಕೆ, ಪುಸ್ತಕಗಳು ಮನೆಯಿಂದ ಮನೆಗೆ ಹೋಗಲಿ. ಆದರೆ ಎದುರು ಬಾಗಿಲಿನ ಮರಾಠಿ ಮನೆಯ ಸ್ನೇಹವನ್ನು ಅದಕ್ಕಿಂತ ಮೊದಲು ಸಂಪಾದಿಸಬೇಕು. ರಾತ್ರಿ ಎರಡು ಗಂಟೆಗೆ ಅಜ್ಜಿಗೆ ಎದೆನೋವು ಬಂದರೆ ಮೊದಲು ತೆರೆಯುವುದು ಆ ಬಾಗಿಲೇ.

ಕೊನೆಯದಾಗಿ ಒಂದು ವ್ಯವಹಾರದ ಸೂಚನೆ. ಮನೆಯನ್ನು ಭಾನುವಾರದ ಮಧ್ಯಾಹ್ನ ನೋಡಿ ಮುಂಗಡ ಕೊಡಬೇಡಿರಿ. ಆ ಹೊತ್ತಿಗೆ ಎಲ್ಲ ಊರೂ ಶಾಂತವೇ. ಕೆಲಸದ ದಿನ ಬೆಳಗಿನ ಏಳಕ್ಕೆ ಅಲ್ಲಿಯ ಸ್ಟೇಷನ್ನಿನಲ್ಲಿ ನಿಂತು ನೋಡಿರಿ. ರಾತ್ರಿ ಹತ್ತರ ಮೇಲೆ ಒಮ್ಮೆ ಸ್ಟೇಷನ್ನಿನಿಂದ ಮನೆಯವರೆಗೆ ನಡೆದು ನೋಡಿರಿ. ಸಾಧ್ಯವಾದರೆ ಜುಲೈ ತಿಂಗಳ ಮಳೆಯಲ್ಲಿ ಒಮ್ಮೆ ಹೋಗಿಬನ್ನಿರಿ. ಮಳೆಯಲ್ಲಿ ಗಾಡಿ ನಿಂತ ರಾತ್ರಿ ತಂಗಲು ನಗರದೊಳಗೆ ಪರಿಚಯದ ಒಂದು ಮನೆಯನ್ನು ಮೊದಲೇ ಗೊತ್ತುಮಾಡಿಕೊಂಡಿರಿ. ಈ ಮೂರು ಸಲವೂ ಮನಸ್ಸು ಒಪ್ಪಿ, ಮನೆಯಲ್ಲಿ ಉಳಿಯುವವರೂ ಒಪ್ಪಿದರೆ ಧಾರಾಳವಾಗಿ ಹೋಗಬಹುದು. ಎದುರಿನ ಗದ್ದೆ ಮುಂದೆ ಕಟ್ಟಡವಾದರೂ ಆ ಮನೆಯಲ್ಲಿ ಬಾಳಬಹುದು.